ಹದಿನೇಳನೇ ಬಿಲ್ಲೆ

"ಬೂಟು ಬಿಚ್ಚು" ಅಂದ ಗೇಟಿನ ಕಾವಲಿನವನು.

ಮೊಂಡನಿಗೆ ಥಟ್ಟನೆ ಅರ್ಥವಾಗಲಿಲ್ಲ. ಕೆಲಸ ಹೋದದ್ದು ಅರ್ಥವಾಗಿತ್ತು. ಅದನ್ನು ಗೋಡೆಗೇ ಅಂಟಿಸಿದ್ದರು. ಚಹಾದ ಬಿಡುವಿಗೆ ಹೊರಗೆ ಬಂದರೆ ಒಂದು ಕಾಗದ. ಕಾಗದದ ತುಂಬ ನಲವತ್ತೊಂದು ನಂಬರು. ಒಂದೂ ಹೆಸರಿಲ್ಲ. ಸಾಕಿದ ನಾಯಿಗೂ ಜನ ಹೆಸರಿಡುತ್ತಾರೆ. ಹದಿನಾಲ್ಕರ ಕೆಳಗೆ ಹದಿನೇಳು. ಹದಿನೇಳು ಎಂದರೆ ಇವನು. ಹನ್ನೊಂದು ವರ್ಷ ಈ ಎರಕದ ಕಾರ್ಖಾನೆಯಲ್ಲಿ ಮರಳು ಕುಟ್ಟಿ ಅಚ್ಚು ಕಟ್ಟಿದವನು.

"ಬೂಟು ಯಾಕಣ್ಣ?"

"ಕಂಪನಿದು. ಏಪ್ರನ್, ಕನ್ನಡಕ, ಬೂಟು. ಪಟ್ಟಿ ಕೊಟ್ಟಿದ್ದಾರೆ. ಮೂರೂ ಇಟ್ಟು ಹೋಗು."

"ಕಾಲಿಗೆ ಬೇರೆ ಏನೂ ತಂದಿಲ್ಲ. ಮನೆಯಿಂದಲೇ ಇದನ್ನ ಹಾಕ್ಕೊಂಡು ಬರೋದು ನಿನಗೂ ಗೊತ್ತು. ನಾಳೆ ತಂದುಕೊಡ್ತೀನಿ."

"ನಾಳೆ ನೀನು ಈ ಗೇಟಿನ ಹತ್ತಿರ ಸುಳಿಯೋ ಹಾಗಿಲ್ಲ. ಅದೂ ಪಟ್ಟಿಯಲ್ಲಿದೆ."

ನಲವತ್ತೊಂದು ಗಂಡಸರು ಗೋಡೆಯ ಉದ್ದಕ್ಕೂ ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚಿದರು. ವರ್ಷಗಟ್ಟಲೆ ಬೆವರು ಕುಡಿದು ಬೂಟುಗಳು ಅವರವರ ಪಾದದ ಆಕಾರ ಹಿಡಿದಿದ್ದವು. ಮೊಂಡನ ಎಡಗಾಲಿನ ಬೂಟಿನ ಮೂತಿಯಲ್ಲಿ ಒಂದು ತೂತು ಇತ್ತು. ಕರಗಿದ ಕಬ್ಬಿಣದ ಹನಿಯೊಂದು ಹೊಕ್ಕು, ಕಿರುಬೆರಳಿನ ಪಕ್ಕ ಮಾಂಸ ತಿಂದು ಆರಿದ ಜಾಗ. ಕಾವಲಿನವನು ಒಂದೊಂದೇ ಜೊತೆಯನ್ನು ಎತ್ತಿ ರಾಶಿಗೆ ಎಸೆದ. ಮೂಗು ಮುಚ್ಚಿಕೊಂಡು ಎಸೆದ.

ಸಾಲಿನ ಕೊನೆಯಲ್ಲಿದ್ದ ಮುದುಕನೊಬ್ಬ, "ಚಡ್ಡಿ ನಮ್ಮದೇ ತಾನೇ? ಸರಿಯಾಗಿ ನೋಡಿ ಹೇಳಪ್ಪ, ಆಮೇಲೆ ದಾರಿಯಲ್ಲಿ ಬಂದು ಬಿಚ್ಚಿಸಿಬಿಟ್ಟೀಯ" ಅಂದ. ಯಾರೋ ನಕ್ಕರು. ಆ ನಗು ಅರ್ಧಕ್ಕೇ ಸತ್ತಿತು.

ನಡು ಮಧ್ಯಾಹ್ನ. ರಸ್ತೆಯ ಟಾರು ಮೆತ್ತಗಾಗಿತ್ತು. ಮೊಂಡ ಬರಿಗಾಲಲ್ಲಿ ನಡೆದ. ಒಂದು ಕಾಲು ಎತ್ತಿದರೆ ಇನ್ನೊಂದು ಸುಡುತ್ತದೆ. ಎದುರಿಗೆ ಬರುವವರು ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಿದ್ದರು. ರಸ್ತೆಯ ಮಧ್ಯೆ ಚರಂಡಿಯ ಕಬ್ಬಿಣದ ಮುಚ್ಚಳಗಳು. ಟಾರಿಗಿಂತ ಅವು ಹೆಚ್ಚು ಕಾದಿರುತ್ತವೆ. ಅವನ್ನು ಸುತ್ತುಹಾಕಿ ನಡೆದ. ತಾನೇ ಕಟ್ಟಿದ ಮುಚ್ಚಳಗಳು. ಹನ್ನೊಂದು ವರ್ಷ ಈ ಊರಿನ ಬಾಯಿ ಮುಚ್ಚಿದವನು ಇವನು. ಇವತ್ತು ಅವುಗಳ ಮೇಲೆ ಕಾಲಿಡಲಾಗದೆ ಕುಂಟಿಕೊಂಡು ಹೋಗುತ್ತಿದ್ದಾನೆ.

ಅರ್ಧ ದಾರಿಗೆ ಬಂದಾಗ ಜೇಬಿಗೆ ಕೈ ಹೋಯಿತು. ಬಿಲ್ಲೆ ಸಿಕ್ಕಿತು.

ಬಿಲ್ಲೆಯ ವಿಷಯ ಹೇಳಲೇಬೇಕು. ಹೆಬ್ಬೆಟ್ಟಿನಷ್ಟು ಅಗಲದ ಹಿತ್ತಾಳೆ ತುಂಡು, ಅದರ ಮುಖದಲ್ಲಿ ಉಬ್ಬಿ ನಿಂತ ನಂಬರು. ಪೆಟ್ಟಿಗೆಯೊಳಗೆ ಮಾದರಿ ಇಟ್ಟು, ಒದ್ದೆ ಮರಳು ತುಂಬಿ, ಕುಟ್ಟಿ, ಮಾದರಿಯನ್ನು ಅಲುಗಿಸದೆ ಎತ್ತಿದರೆ ಒಳಗೆ ಮುಚ್ಚಳದ ಆಕಾರದ ಖಾಲಿ ಜಾಗ ಉಳಿಯುತ್ತದೆ. ಅದೇ ಅಚ್ಚು. ಅಚ್ಚು ಕಟ್ಟಿದವನು ಅದರ ತಳದ ಮರಳಿಗೆ ತನ್ನ ಬಿಲ್ಲೆ ಒತ್ತಬೇಕು. ಕಬ್ಬಿಣ ಹುಯ್ದು ಆರಿದ ಮೇಲೆ ಮುಚ್ಚಳದ ಕೆಳಮೈಯಲ್ಲಿ ನಂಬರು ಉಬ್ಬಿ ನಿಲ್ಲುತ್ತದೆ. ಮುಚ್ಚಳ ಕೆಟ್ಟರೆ ಯಾರ ಮೇಲೆ ಎಗರಬೇಕು ಎಂದು ಮೇಲಿನವರಿಗೆ ತಿಳಿಯಲು ಮಾಡಿದ ಏರ್ಪಾಡು ಅದು. ಗೂಳಿಗೆ ಹಾಕುವ ಬರೆಯಂತೆ.

ಆದರೆ ಅಚ್ಚು ಕಟ್ಟುವವರಲ್ಲಿ ಇನ್ನೊಂದು ಪದ್ಧತಿ ಇತ್ತು. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅಚ್ಚು ಮನಸ್ಸಿಗೆ ಬಂದರೆ, ಮರಳು ಹದವಾಗಿದೆ, ಅಂಚು ಗಟ್ಟಿಯಾಗಿದೆ, ಇದನ್ನು ನನ್ನದು ಅನ್ನಬಹುದು ಅನ್ನಿಸಿದರೆ, ನಂಬರಿನ ಪಕ್ಕ ಹೆಬ್ಬೆರಳನ್ನು ಒಮ್ಮೆ ಒತ್ತುವುದು. ಅನ್ನಿಸದಿದ್ದರೆ ಅಚ್ಚನ್ನು ಒಡೆದು ಮತ್ತೆ ಕಟ್ಟುವುದು. "ನಂಬರು ಅವರದು, ಬೆರಳು ನಮ್ಮದು" ಎಂದು ಮೊಂಡನಿಗೆ ಕಲಿಸಿದವನು ಅವನ ಮಾವ, ಹೆಂಡತಿಯ ಅಪ್ಪ. ಮೇಲಿನವರಿಗೆ ಇದು ಗೊತ್ತಿರಲಿಲ್ಲ. ಮುಚ್ಚಳದ ಹೊಟ್ಟೆಯಲ್ಲಿ ಒಂದು ಸಣ್ಣ ಉಬ್ಬು ಇದ್ದರೆ ಯಾವ ಸಾಹೇಬ ಬಗ್ಗಿ ನೋಡುತ್ತಾನೆ? ಮೊಂಡನ ಉಬ್ಬಿನಂಥದ್ದಂತೂ ಊರಿಗೆಲ್ಲ ಇನ್ನೊಂದಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪೆಟ್ಟಿಗೆ ಜಾರಿ ಅವನ ಬಲಗೈ ಹೆಬ್ಬೆರಳಿನ ತುದಿ ಓರೆಯಾಗಿ ಕತ್ತರಿಸಿ ಹೋಗಿತ್ತು. ಮೊಂಡ ಎಂಬ ಹೆಸರು ಅಂದಿನದು.

ಕೈಯಲ್ಲಿ ಬಿಲ್ಲೆ ಹಿಡಿದು ರಸ್ತೆಯ ಮಧ್ಯೆ ನಿಂತ. ಕಾವಲಿನವನು ಇದನ್ನು ಕೇಳಲು ಮರೆತಿದ್ದ. ಪಟ್ಟಿಯಲ್ಲೂ ಇರಲಿಲ್ಲ. ಜಾಣನಾಗಿದ್ದರೆ ಚರಂಡಿಗೆ ಎಸೆದು ಹೋಗುತ್ತಿದ್ದ. ಇವನು ಎರಕದವನು. ಕಂಪನಿಯ ಸಾಮಾನು ಮನೆಗೆ ಒಯ್ದ ಅನ್ನಿಸಿಕೊಳ್ಳಬಾರದು ಎಂಬ ಹುಚ್ಚು. ಸುಟ್ಟ ಕಾಲು ಎಳೆದುಕೊಂಡು, ಬಂದ ದಾರಿಯಲ್ಲೇ ವಾಪಸ್ಸು ಹೋದ. ಸರಳುಗಳ ಸಂದಿನಿಂದ ಬಿಲ್ಲೆ ಚಾಚಿದ.

"ಇದಕ್ಕೋಸ್ಕರ ವಾಪಸ್ ಬಂದ್ಯಾ?" ಕಾವಲಿನವನು ಹೊಟ್ಟೆ ಹಿಡಿದು ನಕ್ಕ. "ನಿನ್ನಂಥೋನನ್ನ ತೆಗೆದುಹಾಕದೆ ಇನ್ಯಾರನ್ನ ತೆಗೀತಾರೋ!"

ಮನೆಯಲ್ಲಿ ಮಾವ ನಗಲಿಲ್ಲ. ಮಾವನ ಎದೆಯಲ್ಲಿ ಮೂವತ್ತು ವರ್ಷದ ಮರಳು ಕೂತಿದೆ. ಎರಡು ಮಾತು ಆಡಿದರೆ ನಾಲ್ಕು ಸಲ ಕೆಮ್ಮಬೇಕು. ಕೆಲಸ ಹೋಯಿತು ಅಂದಾಗ ಸುಮ್ಮನಿದ್ದ. ಬೂಟಿನ ಕಥೆಗೂ ಸುಮ್ಮನಿದ್ದ. ಬಿಲ್ಲೆಯ ಮಾತು ಬಂದಾಗ ಎದ್ದು ಕೂತ.

"ಕೊಟ್ಟು ಬಂದ್ಯಾ?"

"ಕಂಪನಿದಲ್ವಾ ಮಾವ."

"ಹೋದವನ ಬಿಲ್ಲೆ ಕುಲುಮೆಗೆ ಅಂತ ಎಷ್ಟು ಸಲ ಬಡ್ಕೊಂಡಿದ್ದೀನೋ ನಿನ್ನ ಹತ್ತಿರ! ನಾನು ಬಿಡುವ ದಿನ ನನ್ನ ಕೈಯಾರೆ ಬೆಂಕಿಗೆ ಹಾಕಿ ಬಂದೆ. ಎಲ್ಲರೂ ಹಾಕಿದ್ರು. ನೀನು ಕೈ ಕಡಿದು ಅವರ ಕೈಗೆ ಕೊಟ್ಟು ಬಂದಿದ್ದೀಯಲ್ಲೋ ಅಳಿಯ." ಕೆಮ್ಮು ಬಂತು. ಕೆಮ್ಮು ನಿಂತ ಮೇಲೂ ಅದನ್ನೇ ಅಂದ. "ಕೈ ಕಡಿದು ಕೊಟ್ಟು ಬಂದ."

ಹೆಂಡತಿ ಒಂದು ಬೋಗುಣಿಯಲ್ಲಿ ನೀರು ತಂದು ಇವನ ಕಾಲ ಮುಂದಿಟ್ಟಳು. "ಕಾಲು ಬೊಬ್ಬೆ ಬಂದೋನಿಗೆ ಬಿಲ್ಲೆ ವಿಚಾರಣೆ ಮಾಡ್ತಿದ್ದೀಯಲ್ಲಪ್ಪ, ಸುಮ್ನಿರು" ಅಂದಳು.

ಆಮೇಲಿನ ಮೂರು ತಿಂಗಳನ್ನು ಏನೆಂದು ಹೇಳುವುದು? ಕೆಲಸ ಕೇಳಲು ಹೋದ ಕಡೆಯೆಲ್ಲ ಮೊದಲು ಕೈ ನೋಡಿದರು. ಬೆರಳು ಏನಾಯ್ತು? ಕತ್ತರಿಸಿತು. ಹಾಗಾದರೆ ಆಗಲ್ಲ. ಓದು ಎಷ್ಟು? ಆರನೆಯದು. ಹಾಗಾದರೂ ಆಗಲ್ಲ. ಒಂದು ಬಾಗಿಲಲ್ಲಿ ಬೆರಳು ಕಡಿಮೆ, ಇನ್ನೊಂದು ಬಾಗಿಲಲ್ಲಿ ಅಕ್ಷರ ಕಡಿಮೆ. ಲಾರಿಯಿಂದ ಸಿಮೆಂಟು ಚೀಲ ಇಳಿಸುವ ಕೆಲಸ ವಾರಕ್ಕೆರಡು ದಿನ ಸಿಕ್ಕಿತು. ಸಿಮೆಂಟೂ ಬೆವರೂ ಸೇರಿ ಕುತ್ತಿಗೆಯ ಚರ್ಮ ಸುಲಿಯಿತು. ಹೆಂಡತಿ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿದಳು. ಸೋಡಾ ನೀರಿಗೆ ಅವಳ ಬೆರಳ ಸಂದು ಬಿರಿದು ರಕ್ತ ಜಿನುಗುತ್ತಿತ್ತು. ರಾತ್ರಿ ಅವಳು ಕೈಗೆ ಎಣ್ಣೆ ಸವರುವಾಗ ಇವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಜೊತೆಗೆ ಬೂಟು ಬಿಚ್ಚಿದ ನಲವತ್ತು ಮಂದಿ ಎದುರು ಸಿಕ್ಕರೆ ಇವನೂ ಅವರೂ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಕೆಲಸ ಕಳೆದುಕೊಂಡವನಿಗೆ ಕಳ್ಳನ ನಾಚಿಕೆ. ಕದ್ದವರಿಗೆ ನಾಚಿಕೆ ಎಲ್ಲಿದೆ?

ಹೀಗಿರುವಾಗ ಒಂದು ಸಂಜೆ ಮೇಸ್ತ್ರಿ ಬಂದ. ಕಾರ್ಖಾನೆಯ ಮೇಸ್ತ್ರಿ, ಹನ್ನೊಂದು ವರ್ಷದಲ್ಲಿ ಇವರ ಓಣಿಗೆ ಕಾಲಿಡದವನು. ಬಾಗಿಲಲ್ಲಿ ನಿಂತು, "ಏನು ಮೊಂಡ, ಚೆನ್ನಾಗಿದ್ದೀಯಾ? ಮಾವನೋರು ಹೇಗಿದ್ದಾರೆ?" ಅಂದ. "ನಾಳೆ ಹತ್ತಕ್ಕೆ ಮ್ಯಾನೇಜರ್ ಕರೆದಿದ್ದಾರೆ. ಕೆಲಸ ವಾಪಸ್ ಕೊಡ್ತಾರಂತೆ. ನಿನಗೊಬ್ಬನಿಗೇ. ಬಾಯಿ ಬಿಡಬೇಡ."

ಅವನು ಹೋದ ಮೇಲೆ ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು, ಅಷ್ಟೇ.

ಮಾವ ಮೂಲೆಯಿಂದ, "ಬೆಕ್ಕು ಬಂದು ಇಲಿಯ ಆರೋಗ್ಯ ವಿಚಾರಿಸ್ತು" ಅಂದ.

"ಸುಮ್ನಿರಪ್ಪ" ಅಂದಳು ಅವಳು.

ಮರುದಿನ ಮ್ಯಾನೇಜರನ ಕೋಣೆಯಲ್ಲಿ ಮೊಂಡನಿಗೆ ಕುರ್ಚಿ ಕೊಟ್ಟರು. ಅದೇ ಮೊದಲು. ಎರಕದವರು ಆ ಕೋಣೆಗೆ ಹೋದರೆ ಬಾಗಿಲ ಬಳಿ ಹಾಸಿದ ಹಳೇ ಪೇಪರಿನ ಮೇಲೆ ನಿಂತು ಮಾತಾಡಬೇಕು, ನೆಲ ಮಸಿಯಾಗುತ್ತದೆ ಎಂದು. ಇವತ್ತು ಕುರ್ಚಿ, ಚಹಾ, ಚಹಾದ ಕೆಳಗೆ ತಟ್ಟೆ. ಮೇಜಿನ ಪಕ್ಕ ಒಂದು ಪೆಟ್ಟಿಗೆ ತೆರೆದಿಟ್ಟಿತ್ತು. ಒಳಗೆ ಹೊಸ ಬೂಟು. ಚರ್ಮದ ವಾಸನೆ ಕೋಣೆಯ ತುಂಬ.

"ನಿನ್ನ ಅಳತೆಯೇ. ಹಾಕ್ಕೊಂಡು ನೋಡು" ಅಂದ ಮ್ಯಾನೇಜರ್.

"ಆಮೇಲೆ ನೋಡ್ತೀನಿ ಸಾರ್."

"ಸರಿ. ಒಂದು ಸಣ್ಣ ಕಾಗದ ಇದೆ. ಓದೋಕೆ ಬರುತ್ತಲ್ಲ? ಬರದಿದ್ರೆ ನಾನೇ ಓದಿ ಹೇಳ್ತೀನಿ. ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ."

"ಬರುತ್ತೆ ಸಾರ್."

ಓದಿದ. ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದ. 'ಮೊನ್ನೆ ಒಡೆದು, ರಸ್ತೆ ಗುಡಿಸುವ ಮಹಿಳೆಯ ಕಾಲು ಮುರಿಯಲು ಕಾರಣವಾದ ಸದರಿ ಮುಚ್ಚಳದ ಅಚ್ಚನ್ನು, ಕೆಲಸದಲ್ಲಿದ್ದಾಗ ನಾನೇ ಕಟ್ಟಿದ್ದು, ಅದರಲ್ಲಿನ ದೋಷವನ್ನು ಮೇಲಿನವರ ಗಮನಕ್ಕೆ ತಾರದೆ ಮುಚ್ಚಿಟ್ಟಿದ್ದು ನಿಜ. ಇದಕ್ಕೆ ನನ್ನ ಅಜಾಗರೂಕತೆಯೇ ಕಾರಣ.' ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ: ನಂಬರು 17.

ಚಹಾ ಪಕ್ಕಕ್ಕೆ ಸರಿಸಿದ.

"ಯಾರದು ಸಾರ್, ಕಾಲು?"

"ಯಾವಳೋ ಗುಡಿಸೋಳು. ಬದುಕಿದ್ದಾಳೆ, ಬಿಡು. ಯಾವನೋ ದಾರಿಹೋಕ ಫೋಟೊ ತೆಗೆದುಬಿಟ್ಟಿದ್ದಾನೆ. ಹದಿನೇಳು ಎದ್ದು ಕಾಣುತ್ತೆ. ನೋಡು, ಒಬ್ಬ ಕೆಲಸಗಾರನ ಕೈತಪ್ಪು ಅಂತಾದ್ರೆ ಅಲ್ಲಿಗೆ ಮುಗೀತು. ಕಂಪನಿಯ ತಪ್ಪು ಅಂತಾದ್ರೆ ಊರಲ್ಲಿರೋ ಮುಚ್ಚಳವೆಲ್ಲ ಕೀಳಿಸ್ತಾರೆ, ಕುಲುಮೆ ಆರುತ್ತೆ, ಎಲ್ಲರ ಹೊಟ್ಟೆಗೂ ತಣ್ಣೀರು ಬಟ್ಟೆ. ನಿನಗೇನೂ ಆಗದ ಹಾಗೆ ನಮ್ಮ ವಕೀಲರು ನೋಡ್ಕೋತಾರೆ. ನಾಳೆಯಿಂದಲೇ ಕೆಲಸಕ್ಕೆ ಬಾ."

ನಾಳೆಯಿಂದಲೇ. ಮೊಂಡನ ಕಣ್ಣ ಮುಂದೆ ಹೆಂಡತಿಯ ಬಿರಿದ ಬೆರಳು ಬಂತು. ಸುಳ್ಳು ಯಾಕೆ, ಪೆನ್ನಿಗೆ ಕೈ ಹೋಯಿತು. ಪೆನ್ನು ಎತ್ತಿದ. ಒಂದು ವೇಳೆ ತನ್ನದೇ ಆಗಿದ್ದರೆ? ಹನ್ನೊಂದು ವರ್ಷ, ಸಾವಿರಾರು ಅಚ್ಚು. ಒಂದಾದರೂ ಕೈ ಮೀರಿರಬಹುದಲ್ಲ? ತನ್ನ ಕೈಯಿಂದಲೇ ಒಬ್ಬಳ ಕಾಲು ಮುರಿದಿದ್ದರೆ, ಬೂಟು ಕೊಟ್ಟರೂ ಕೊಡದಿದ್ದರೂ ಒಪ್ಪಿಕೊಳ್ಳಬೇಕು.

ಪೆನ್ನು ಕೆಳಗಿಟ್ಟ. "ಮುಚ್ಚಳ ನೋಡ್ಬೇಕು ಸಾರ್."

"ಅದೇನು ನೋಡೋದು? ನಂಬರು ನಿಂದೇ."

"ನೋಡಿ ರುಜು ಹಾಕ್ತೀನಿ."

ಮ್ಯಾನೇಜರ್ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ತಲೆ ಆಡಿಸಿದ. ಕಬ್ಬಿಣದ ಮೇಲೆ ನಂಬರಿದೆ, ನೋಡಿದರೆ ಇನ್ನೂ ಬೇಗ ಒಪ್ಪುತ್ತಾನೆ ಎಂದು ಎಣಿಸಿರಬೇಕು.

ಹಿಂದಿನ ಅಂಗಳದಲ್ಲಿ ಗುಜರಿಯ ರಾಶಿ, ಮರಳಿ ಕರಗಿಸಲು ಇಟ್ಟದ್ದು. ಕುಲುಮೆ ನೋಡಿಕೊಳ್ಳುವ ಕೆಂಡ ಎಂಬವನು ಅಲ್ಲೇ ಸಲಿಕೆ ಹಿಡಿದು ನಿಂತಿದ್ದ. ಕೆಂಡ ಹಳೆಯವನು. ಕುಲುಮೆಗೆ ಬೇರೆ ಗತಿಯಿಲ್ಲದೆ ಅವನನ್ನು ಉಳಿಸಿಕೊಂಡಿದ್ದರು. ಮೇಸ್ತ್ರಿ ಒಂದು ಬೀಡಿ ಹಚ್ಚಲು ಆಚೆ ತಿರುಗಿದ್ದೇ ತಡ ಕೆಂಡ ಪಿಸುಗುಟ್ಟಿದ: "ಒಡೆದ ಮುಚ್ಚಳ ಇಲ್ಲಿಗೇ ಹೊತ್ತು ತಂದು ಒಂದು ಹೋಳು ಮೊನ್ನೆಯೇ ಕರಗಿಸಿದ್ರು. ಇದನ್ನ ಬೆಂಕಿಗೆ ಹೋಗದ ಹಾಗೆ ನಾನೇ ರಾಶಿಯ ಅಡಿಗೆ ತಳ್ತಾ ಇದ್ದೀನಿ. ನಿನ್ನ ಬಿಲ್ಲೆ ಇನ್ನೂ ಒತ್ತಿಸ್ತಿದ್ದಾರೆ ಕಣೋ. ನೀನು ಹೋದ ಮಾರನೇ ದಿನದಿಂದ. ಹೊಸಬರೆಲ್ಲರ ಕೈಯಲ್ಲೂ ಅದೇ ಒಂದು ಬಿಲ್ಲೆ ಓಡಾಡುತ್ತೆ. ಹದಿನೇಳು ಅಂದ್ರೆ ಕೊಳ್ಳೋರು ಸುತ್ತಿಗೆ ಹೊಡೆದು ಕೂಡ ನೋಡಲ್ವಂತೆ. ದಿನಕ್ಕೆ ಇಪ್ಪತ್ತೈದು ಪೆಟ್ಟಿಗೆ ಕಟ್ತಿದ್ದೆಯಲ್ಲ? ಅವರ ಹತ್ತಿರ ಅರವತ್ತು ಕಟ್ಟಿಸ್ತಾರೆ. ಜರಡಿ ಹಿಡಿಯದ ಮರಳು, ಅರ್ಧ ಕಾದ ಕಬ್ಬಿಣ."

ಮೊಂಡ ಹೋಳನ್ನು ಹೊರಳಿಸಿದ. ಒಡೆದ ಅಂಚು ಸ್ಪಂಜಿನ ಹಾಗಿತ್ತು. ತೂತು, ತೂತಿನೊಳಗೆ ಕರಿ ಮರಳು. ಹೆಂಗಸಲ್ಲ, ಬೆಕ್ಕು ನಡೆದರೂ ಒಡೆಯುತ್ತಿತ್ತು. ಕೆಳಮೈಯಲ್ಲಿ 17. ನಂಬರಿನ ಪಕ್ಕ ಕೈ ಆಡಿಸಿದ. ಮೊಂಡು ಬೆರಳು ತನ್ನ ಜಾಗ ಹುಡುಕಿತು. ಎಡಕ್ಕೆ. ಬಲಕ್ಕೆ. ನುಣುಪು. ಏನೂ ಇಲ್ಲ.

ಮೂರು ತಿಂಗಳಿಂದ ಎದೆಯಲ್ಲಿ ಬೂದಿ ಮುಚ್ಚಿ ಮಲಗಿದ್ದು ಭಗ್ಗೆಂದು ಹೊತ್ತಿತು. ಅನ್ನ ತೆಗೆದದ್ದಕ್ಕೆ ಸುಮ್ಮನಿದ್ದ. ಬೂಟು ಬಿಚ್ಚಿಸಿದ್ದಕ್ಕೆ ಸುಮ್ಮನಿದ್ದ. ಈಗ ಇವನ ಹೆಸರು ಹಿಡಿದು ಹೆಂಗಸಿನ ಕಾಲು ಮುರಿದಿದ್ದಾರೆ. ಮುರಿದು, ಒಪ್ಪಿಕೋ ಅನ್ನುತ್ತಿದ್ದಾರೆ. ತಟ್ಟೆಯಲ್ಲಿ ಚಹಾ ಇಟ್ಟು.

ಬಗ್ಗಿದ. ಹೋಳನ್ನು ಮೊಣಕಾಲಿಗೆ ತಂದ, ಅಲ್ಲಿಂದ ಹೆಗಲಿಗೆ. ಸಿಮೆಂಟು ಚೀಲಕ್ಕಿಂತ ಸ್ವಲ್ಪ ಹಗುರ. ಕುತ್ತಿಗೆಯ ಸುಲಿದ ಚರ್ಮಕ್ಕೆ ಕಬ್ಬಿಣದ ಅಂಚು ಕಚ್ಚಿತು. ಕಚ್ಚಲಿ.

"ಏಯ್, ಏಯ್! ಎಲ್ಲಿಗೋ?" ಮೇಸ್ತ್ರಿಯ ಬೀಡಿ ಕೆಳಗೆ ಬಿತ್ತು.

ಅಚ್ಚಿನ ಸಾಲಿನ ಮಧ್ಯದಿಂದ ನಡೆದ. ಹೊಸಬರು ಕುಟ್ಟುವುದನ್ನು ನಿಲ್ಲಿಸಿ ನೋಡಿದರು. ಬಗ್ಗಿದ ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು. ಗೇಟಿಗೆ ಬರುವಷ್ಟರಲ್ಲಿ ಹಿಂದೆ ಒಂದು ಗುಂಪೇ ಇತ್ತು.

"ಇಳಿಸು" ಅಂದ ಕಾವಲಿನವನು. "ಕಂಪನಿ ಸಾಮಾನು."

"ಕಂಪನಿದಾ? ಮೇಲೆ ಕೂತಿರೋ ಸಾರ್ ಹದಿನೇಳರದು, ನಂದೇ ಅಂದ್ರು. ಕಾಗದದಲ್ಲೇ ಬರೆದಿದ್ದಾರೆ."

"ಅದೆಲ್ಲ ನನಗೆ ಗೊತ್ತಿಲ್ಲ."

"ಗೊತ್ತಿರೋರನ್ನ ಕರಿ. ಬೂಟು ಕಂಪನಿದು ಅಂದ್ರಿ, ಬಿಚ್ಚಿಟ್ಟೆ. ಬಿಲ್ಲೆ ಕಂಪನಿದು ಅಂತ ನಾನೇ ತಂದುಕೊಟ್ಟೆ. ಇದೂ ಕಂಪನಿದು ಅನ್ನಲಿ, ಇಲ್ಲೇ ಇಳಿಸಿ ಹೋಗ್ತೀನಿ. ಆದ್ರೆ ಬಾಯಿ ಬಿಟ್ಟು ಅನ್ಬೇಕು. ಇಷ್ಟೂ ಜನ ಕೇಳೋ ಹಾಗೆ."

ಮ್ಯಾನೇಜರ್ ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಕೈಯಲ್ಲಿ ಆ ಕಾಗದ ಇನ್ನೂ ಇತ್ತು. ಎಲ್ಲರೂ ಅವನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕಾಗದವನ್ನು ಬೆನ್ನ ಹಿಂದೆ ಒಯ್ದ.

"ಹೇಳಿ ಸಾರ್" ಮೊಂಡ ಕೆಳಗಿನಿಂದ ಕೂಗಿದ. "ಹೆಗಲು ನೋಯ್ತಾ ಇದೆ. ಒಡೆದ ಮುಚ್ಚಳ ಯಾರದು? ನಿಮ್ಮದಾ, ನಂದಾ?"

ಮ್ಯಾನೇಜರ್ ಬಾಯಿ ತೆರೆದ. ಮುಚ್ಚಿದ. ತಿರುಗಿ ಒಳಗೆ ಹೋದ.

"ಕೇಳಿಸ್ತಲ್ಲ?" ಮೊಂಡ ಕಾವಲಿನವನಿಗೆ ಅಂದ. "ತೆಗಿ ಗೇಟು."

ಕಾವಲಿನವನು ತೆಗೆದ.

ಮನೆಯ ಮುಂದೆ ಹೋಳನ್ನು ಇಳಿಸಿದಾಗ ಹೆಂಡತಿ ಹೊರಗೆ ಬಂದಳು. ಇವನ ಕಾಲು ನೋಡಿದಳು. ಹಳೇ ಚಪ್ಪಲಿಯೇ ಇತ್ತು.

"ಕೆಲಸ?"

"ಇಲ್ಲ."

ನಡೆದದ್ದನ್ನು ಹೇಳಿದ. ಅವಳು ಕೇಳುತ್ತ ಕೇಳುತ್ತ ಕೆಂಪಾದಳು. ಇವನ ಮೇಲೋ, ಅವರ ಮೇಲೋ, ಅವಳಿಗೇ ಗೊತ್ತಿರಲಿಲ್ಲ. "ಮೂರು ತಿಂಗಳು ಕಂಡವರ ಎಂಜಲು ತೊಳೆದಿದ್ದೀನಿ. ನಾಳೆ ಬಿಡಬಹುದು ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಒಂದು ರುಜು ಹಾಕೋಕೆ ಆಗ್ಲಿಲ್ವಾ ನಿಮಗೆ?" ಅಂದಳು.

ಮಾವ ಗೋಡೆ ಹಿಡಿದುಕೊಂಡು ಬಂದ. ನೆಲಕ್ಕೆ ಕೂತು ಹೋಳಿನ ಅಡಿಗೆ ಕೈ ಹಾಕಿದ. ನಂಬರು ಸಿಕ್ಕಿತು. ಪಕ್ಕಕ್ಕೆ ಸವರಿದ. ಮತ್ತೆ ಸವರಿದ. "ಬೆರಳಿಲ್ಲ" ಅಂದ. ಮಗಳ ಕೈ ಹಿಡಿದು ಎಳೆದು ಅಲ್ಲೇ ಇಟ್ಟ. "ನೋಡವ್ವ. ಬೆರಳಿಲ್ಲ. ಇದಕ್ಕೆ ಹೇಗೆ ರುಜು ಹಾಕ್ತಾನೆ?"

ಬಿರಿದ ಬೆರಳುಗಳು ಆ ನುಣುಪು ಕಬ್ಬಿಣದ ಮೇಲೆ ಸ್ವಲ್ಪ ಹೊತ್ತು ಇದ್ದವು.

"ಈಗ ಇದನ್ನ ಎಲ್ಲಿಗೆ ಒಯ್ತೀರಿ?"

"ಆ ಹೆಂಗಸಿನ ಹತ್ತಿರ. ನಾನೇ ಅವಳ ಕಾಲು ಮುರಿದೆ ಅಂತ ಹೇಳಿರ್ತಾರೆ."

ಅವಳು ಸೆರಗು ಸಿಕ್ಕಿಸಿದಳು. "ಒಬ್ಬರೇ ಹೊತ್ತರೆ ಕಳ್ಳನ ಹಾಗೆ ಕಾಣ್ತೀರಿ. ಆ ಕಡೆ ಹಿಡೀರಿ."

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಗುಡಿಸುವವಳ ಬಲಗಾಲು ತೊಡೆಯವರೆಗೆ ಬಿಳಿ ಕಟ್ಟಿನಲ್ಲಿತ್ತು. ಪಕ್ಕದಲ್ಲಿ ಅವಳ ಜೊತೆ ಗುಡಿಸುವ ಇಬ್ಬರು ಹೆಂಗಸರು, ಕೆಲಸದ ಬಟ್ಟೆಯಲ್ಲೇ. ಗಂಡ ಹೆಂಡಿರು ಕಬ್ಬಿಣ ಹೊತ್ತು ಬಂದದ್ದು ನೋಡಿ ಆಯಾ ಬೈದಳು. ಗುಡಿಸುವವಳು ಬೈಯಲಿಲ್ಲ. ಹೋಳನ್ನು ಗುರುತಿಸಿದಳು. ಆಮೇಲೆ ಇವನ ಮುಖ ನೋಡಿದಳು.

"ಆ ಮನೆಹಾಳ ಹದಿನೇಳು ನೀನೇನಾ?"

"ನಂಬರು ನಂದೇ ಅಕ್ಕ. ಮುಚ್ಚಳ ನಂದಲ್ಲ."

"ಎಲ್ಲ ನನ್ಮಕ್ಕಳೂ ಹಾಗೇ ಅಂತಾರೆ. ಸೊಂಟದವರೆಗೂ ಹೇಲಿನ ನೀರಲ್ಲಿ ನೇತಾಡಿದ್ದೀನಿ ಕಣೋ, ಮುರಿದ ಕಾಲು ಹಾಕ್ಕೊಂಡು. ಜನ ಮೂಗು ಮುಚ್ಕೊಂಡು ನೋಡ್ತಿದ್ರು. ಹಗ್ಗ ತರೋಕೆ ಅರ್ಧ ಗಂಟೆ."

ಮೊಂಡ ತಲೆ ಎತ್ತಲಿಲ್ಲ. ಬಲಗೈ ಚಾಚಿ ಹೆಬ್ಬೆರಳು ತೋರಿಸಿದ. ಬಿಲ್ಲೆಯ ಕಥೆ ಹೇಳಿದ. ಬೆರಳಿನ ಕಥೆ ಹೇಳಿದ. ಅವಳು ಅರೆಗಣ್ಣು ಮಾಡಿ ಕೇಳಿದಳು. ರಸ್ತೆಯಲ್ಲಿ ಬದುಕಿದವಳು, ಕಥೆಗೆ ಮರುಳಾಗುವವಳಲ್ಲ. ಜೊತೆಯವರಿಗೆ, "ಆಸ್ಪತ್ರೆ ಗೇಟಿನ ಮುಂದೆ ಒಂದು ಹಳೇ ಮುಚ್ಚಳ ಇದೆಯಲ್ಲೇ, ಹತ್ತು ವರ್ಷದಿಂದ ನಾವು ಗುಡಿಸೋದು. ಅದರ ಕೆಳಗೂ ಹದಿನೇಳು ಕಂಡ ನೆನಪು. ಕೊಕ್ಕೆ ಹಾಕಿ ಎತ್ತಿ ನೋಡ್ಕೊಂಡು ಬನ್ನಿ" ಅಂದಳು.

ಹನ್ನೊಂದು ವರ್ಷ ಮಾಡಿದ್ದೆಲ್ಲ ಈಗ ಇಬ್ಬರು ಹೆಂಗಸರ ಕೊಕ್ಕೆಗೆ ನೇತುಬಿದ್ದಿತ್ತು.

ಅವರು ಬಂದರು. ಕೈಯೆಲ್ಲ ಕೆಸರು. ಮುಂದಿದ್ದವಳು ತನ್ನ ಹೆಬ್ಬೆರಳನ್ನು ಅರ್ಧಕ್ಕೆ ಮಡಚಿ ತೋರಿಸಿದಳು. "ಇದೆ ಕಣೇ. ಹದಿನೇಳು ಇದೆ, ಪಕ್ಕದಲ್ಲಿ ಮೊಂಡು ಬೆರಳಿದೆ. ಓರೆ. ಇವನದೇ."

ಗುಡಿಸುವವಳು ಮೊಣಕೈ ಊರಿ ಸ್ವಲ್ಪ ಮೇಲೆದ್ದಳು.

"ಹಾಗಾದ್ರೆ" ಅಂದಳು, "ಬೆರಳಿಲ್ಲದವು ಎಷ್ಟಿವೆಯೋ ಊರಲ್ಲಿ?"

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹನ್ನೆರಡು ಮಂದಿ ಗುಡಿಸುವವರು ಕೊಕ್ಕೆ ಹಿಡಿದು ಬಂದರು. ಬೂಟು ಬಿಚ್ಚಿದವರಲ್ಲಿ ಒಂಬತ್ತು ಮಂದಿ ಬಂದರು. ಚಡ್ಡಿಯ ಮಾತಾಡಿದ್ದ ಮುದುಕನೂ ಇದ್ದ. ಮಾವ ಸುತ್ತಿಗೆ ತಂದಿದ್ದ. ಮುಚ್ಚಳಕ್ಕೆ ಒಂದು ಏಟು ಹಾಕಿ ಕಿವಿಗೊಡುತ್ತಿದ್ದ. 'ಠಣ್' ಅಂದರೆ ಮುಂದೆ ನಡಿ. 'ದಬ್' ಅಂದರೆ ಎತ್ತು. ಎತ್ತಿ ನೋಡಿದರೆ ಹದಿನೇಳು ಇರುತ್ತಿತ್ತು, ಬೆರಳು ಇರುತ್ತಿರಲಿಲ್ಲ. ಮೊಂಡ ಕುಂಚ ಅದ್ದಿ ಅದರ ಮೈ ತುಂಬ ಕೆಂಪು ಬಳಿಯುತ್ತಿದ್ದ. ಶಾಲೆಯ ಮುಂದೆ ಎರಡು. ಮಾರುಕಟ್ಟೆಯ ಬಾಯಲ್ಲಿ ಐದು. ಬಸ್ಸು ನಿಲ್ಲುವಲ್ಲಿ ಸಾಲಾಗಿ ಮೂರು. ಬಿಸಿಲೇರುವಷ್ಟರಲ್ಲಿ ರಸ್ತೆಗೆ ದಡಾರ ಎದ್ದ ಹಾಗಿತ್ತು.

ಕೊನೆಯದು ಕಾರ್ಖಾನೆಯ ಗೇಟಿನ ಎದುರಿನದು. ಮಾವ ಹೊಡೆದ. ದಬ್. ಎತ್ತಿದರು. ಹದಿನೇಳು. ಬೆರಳಿಲ್ಲ.

"ಇದೊಂದನ್ನ ಹೀಗೇ ಬಿಡೋಣ ಕಣಣ್ಣ" ಅಂದಳು ಕೊಕ್ಕೆಯವಳು. "ನಿಮ್ಮ ಸಾಹೇಬ ದಿನಾ ಇದರ ಮೇಲೇ ಬರ್ತಾನಲ್ಲ."

ಎಲ್ಲರೂ ನಕ್ಕರು. ಮೊಂಡನೂ ನಕ್ಕ. ಮೂರು ತಿಂಗಳಲ್ಲಿ ಮೊದಲ ನಗು. ಒಂದು ಕ್ಷಣ ಕುಂಚ ಡಬ್ಬಿಯಲ್ಲೇ ನಿಂತಿತು. ಅಷ್ಟರಲ್ಲಿ ಬೆಳಗಿನ ಪಾಳಿಯವರು ರಸ್ತೆ ತಿರುಗಿ ಬರುವುದು ಕಂಡಿತು. ಹೊಸಬರು. ಮುಂದೆ ಬರುತ್ತಿದ್ದವನ ಎಡಗಾಲಿನ ಬೂಟಿನ ಮೂತಿಯಲ್ಲಿ ಒಂದು ತೂತು.

ತನ್ನ ಬೂಟು. ಅವನ ಕಾಲಿಗೆ ದೊಡ್ಡದಾಗಿತ್ತು. ಎಳೆದುಕೊಂಡು ನಡೆಯುತ್ತಿದ್ದ. ನೇರ ಮುಚ್ಚಳದ ಕಡೆಗೆ.

"ಕಾರಿನೋನು ದಾಟಿ ಹೋಗ್ತಾನೆ" ಅಂದ ಮೊಂಡ. "ಬೀಳೋದು ನಡೆಯೋನು." ಮಂಡಿಯೂರಿ ಕೂತು ಬಳಿಯತೊಡಗಿದ.

ಹೊಸಬ ಬಂದು ನಿಂತ. ಕಣ್ಣು ಕೆಳಗಿತ್ತು. "ಅಣ್ಣ, ಇದನ್ನ ನಾನೇ ಕಟ್ಟಿರಬಹುದು" ಅಂದ. "ದಿನಕ್ಕೆ ಅರವತ್ತು. ನೋಡೋಕೆ ಬಿಡಲ್ಲ."

ಮೊಂಡ ಅವನ ಕೈ ಹಿಡಿದು ತಿರುಗಿಸಿದ. ಹೆಬ್ಬೆರಳು ಇಡಿಯಾಗಿತ್ತು. ಬೊಬ್ಬೆ ಒಡೆದು ಹಸಿಯಾಗಿತ್ತು.

"ನಂಬರು ಅವರದು, ಇದು ನಿಂದು" ಅಂದ. "ಇದನ್ನ ಒತ್ತೋಕೆ ಮನಸ್ಸು ಬಾರದ ಅಚ್ಚಿಗೆ ಕಬ್ಬಿಣ ಹುಯ್ಯೋಕೆ ಬಿಡಬೇಡ."

ಹೊಸಬ ತನ್ನ ಬೆರಳು ನೋಡಿಕೊಂಡ. ಅವನ ಹಿಂದೆ ಬಂದವನು ನಿಂತ. ಅವನ ಹಿಂದೆ ಬಂದವನೂ ನಿಂತ. ಗೇಟು ತೆರೆದಿತ್ತು. ಕಾವಲಿನವನು ಒಳಗಿನಿಂದ ಕೈ ಬೀಸಿ ಕರೆದ.

ಸೈರನ್ ಕೂಗಿತು. ಬಣ್ಣ ಇನ್ನೂ ಹಸಿಯಾಗೇ ಇತ್ತು. ಯಾರೂ ದಾಟಲಿಲ್ಲ.